ಬರ್ನರ್ ಎಂಟು ಅಡಿ ಆಚೆಗಿತ್ತು

ಧಾರವಾಡದ ಎಂ.ಎಸ್ಸಿ. ವಿದ್ಯಾರ್ಥಿನಿಯೊಬ್ಬರ ಪತ್ರ: ಏಪ್ರಿಲ್‌ನ ಒಂದು ಮಧ್ಯಾಹ್ನ ಸೆಪರೇಟಿಂಗ್ ಫನಲ್‌ನಿಂದ (ಬೆರೆಯದ ದ್ರವಗಳನ್ನು ಬೇರ್ಪಡಿಸುವ, ನಲ್ಲಿಯುಳ್ಳ ಗಾಜಿನ ಪಾತ್ರೆ) ಈಥರ್ ಎಂಬ ಬೇಗ ಆವಿಯಾಗುವ ದ್ರಾವಕ ಇಳಿಸಿಕೊಳ್ಳುತ್ತಿದ್ದಾಗ, ಎಂಟು ಅಡಿ ಆಚೆಯ ಬರ್ನರ್‌ನಿಂದ ಬೆಂಕಿ ಬೆಂಚಿನ ಮೇಲೆ ಓಡಿಬಂತು. ಪುಣ್ಯಕ್ಕೆ ಯಾರಿಗೂ ಸುಟ್ಟಗಾಯವಾಗಲಿಲ್ಲ. ಅಷ್ಟು ದೂರದಿಂದ ಬೆಂಕಿ ಹೇಗೆ ಬಂತು, ಬಾಟಲಿಯನ್ನು ಫ್ರಿಜ್‌ನಲ್ಲಿಟ್ಟರೆ ಸಾಕೇ ಎಂದು ಕೇಳಿದ್ದಾರೆ.

ಸಂಪಾದಕರ ಉತ್ತರ: ಬೆಂಕಿ ಬರುವ ಮೊದಲೇ ಈಥರ್ ಬರ್ನರ್ ತನಕ ಹೋಗಿತ್ತು. ಅದರ ಆವಿ ಗಾಳಿಗಿಂತ ಎರಡೂವರೆ ಪಟ್ಟು ಭಾರ. ಮೇಲೇರದೆ ಬೆಂಚಿನುದ್ದಕ್ಕೂ ನೀರಿನಂತೆ ಹರಿಯುತ್ತದೆ, ಜ್ವಾಲೆ ಸಿಕ್ಕಲ್ಲಿ ಹೊತ್ತಿ ಬಂದ ದಾರಿಯಲ್ಲೇ ಫ್ಲಾಸ್ಕಿಗೆ ಮರಳುತ್ತದೆ. ಗಾಳಿಯಲ್ಲಿ ನೂರಕ್ಕೆ ಎರಡು ಪಾಲು ಆವಿಯಿದ್ದರೂ ಸಾಕು. ಈಥರ್ ಕುದಿಯುವುದು 34.6 ಡಿಗ್ರಿ ಸೆಲ್ಸಿಯಸ್‌ಗೆ, ಅದೂ ಸಮುದ್ರಮಟ್ಟದಲ್ಲಿ. ಧಾರವಾಡದ ಎತ್ತರದಲ್ಲಿ ಇನ್ನೂ ಎರಡು-ಮೂರು ಡಿಗ್ರಿ ಮೊದಲೇ. ನಮ್ಮ ಏಪ್ರಿಲ್ ಬಿಸಿಲೇ ಅದಕ್ಕೆ ಒಲೆ.

ಈಥರ್ ಕೆಲಸವಿರುವ ದಿನ ಆ ಕೋಣೆಯಲ್ಲಿ ಒಂದು ಬರ್ನರ್ ಕೂಡ ಹೊತ್ತಬಾರದು. ಉಳಿದ ಬ್ಯಾಚಿನವರ ಪ್ರಯೋಗವನ್ನು ಬೇರೆ ದಿನಕ್ಕೆ ಹಾಕಿಸಿಕೊಳ್ಳಿ. ಬೇರೆ ಕೋಣೆಯಲ್ಲಿ ಕಾಯಿಸಿದ 45–50 ಡಿಗ್ರಿ ನೀರು ತಂದು, ಫ್ಲಾಸ್ಕ್ ಅದರಲ್ಲಿಟ್ಟು, ಆವಿಯನ್ನು ತಣಿಸಿ ಮತ್ತೆ ದ್ರವವಾಗಿಸುವ ಕಂಡೆನ್ಸರ್ ಜೋಡಿಸಿ ಈಥರ್ ತೆಗೆಯಿರಿ. ಹಾಟ್‌ಪ್ಲೇಟ್‌ನಲ್ಲಿ ಜ್ವಾಲೆ ಇಲ್ಲವಲ್ಲ ಎಂದುಕೊಳ್ಳಬೇಡಿ. ಅದರ ಮೈ 300 ಡಿಗ್ರಿ ದಾಟಬಲ್ಲದು, ಈಥರ್ ಆವಿ 180ರ ಆಸುಪಾಸಿನಲ್ಲೇ ಕಿಡಿಯಿಲ್ಲದೆ ಹೊತ್ತುತ್ತದೆ. ಈಥರ್ ಚೆಲ್ಲಿದಾಗ ಕಿಡಿ ಹಾರಬಹುದಾದ ಫ್ಯಾನಿನ ಸ್ವಿಚ್ ಮುಟ್ಟಬೇಡಿ, ಹಾಕಲಿಕ್ಕೂ ಬೇಡ, ಆರಿಸಲಿಕ್ಕೂ ಬೇಡ.

ಮನೆಬಳಕೆಯ ಫ್ರಿಜ್ ಮಾತ್ರ ಖಂಡಿತ ಬೇಡ. ಶೂನ್ಯಕ್ಕಿಂತ 45 ಡಿಗ್ರಿ ಕೆಳಗೂ ಈಥರ್‌ಗೆ ಕಿಡಿ ತಾಗಿದರೆ ಹೊತ್ತುತ್ತದೆ, ಫ್ರೀಜರ್‌ನ ತಂಪು ಅದಕ್ಕೆ ಲೆಕ್ಕಕ್ಕಿಲ್ಲ. ಸಡಿಲ ಮುಚ್ಚಳದಿಂದ ರಾತ್ರಿಯಿಡೀ ಸೋರಿದ ಆವಿ ಒಳಗೇ ತುಂಬಿಕೊಂಡಿರುತ್ತದೆ. ತಂಪು ಕಾಯುವ ಸ್ವಿಚ್ಚಾದ ಥರ್ಮೋಸ್ಟಾಟ್ ಟಕ್ಕೆಂದರೆ, ಇಲ್ಲವೇ ಬಾಗಿಲು ತೆರೆದಾಗ ದೀಪದ ಸ್ವಿಚ್ ಕಿಡಿ ಕೊಟ್ಟರೆ ಫ್ರಿಜ್ಜೇ ಸಿಡಿಯುತ್ತದೆ. ಒಳಗೆ ಕಿಡಿ ಹಾರದಂತೆ ಪ್ರಯೋಗಾಲಯಕ್ಕೆಂದೇ ಮಾಡಿದ ಫ್ರಿಜ್‌ಗಳಿವೆ, ದುಬಾರಿ. ಎರಡೂವರೆ ಲೀಟರ್ ಬದಲು 500 ಮಿಲಿ ಬಾಟಲಿ ತರಿಸಿ, ಬಿಸಿಲು ಬೀಳದ, ಗಾಳಿಯಾಡುವ ಕಡೆ ಇಡುವಂತೆ ನಿಮ್ಮ ವಿಭಾಗದವರಿಗೆ ಹೇಳಿ.

ನೀವು ಕೇಳದಿದ್ದರೂ ನಮ್ಮನ್ನು ಹೆಚ್ಚು ಕಾಡುವುದು ಹಳೆಯ ಬಾಟಲಿ. ಗಾಳಿ, ಬೆಳಕು ಸೋಕಿದ ಈಥರ್‌ನಲ್ಲಿ ಪೆರಾಕ್ಸೈಡ್ ಎಂಬ ಸ್ಫೋಟಕ ವಸ್ತು ಹುಟ್ಟುತ್ತದೆ. ತಣ್ಣಗಿಟ್ಟರೂ ಅದು ನಿಲ್ಲದು. ಈಥರ್ ಆವಿಯಾದಂತೆ ಪೆರಾಕ್ಸೈಡ್ ತಳದಲ್ಲಿ ಸಾಂದ್ರವಾಗುತ್ತ ಹೋಗಿ ಕೊನೆಯ ಹನಿಗಳಲ್ಲಿ ಸಿಡಿಯುತ್ತದೆ. ಅದಕ್ಕೇ ಪೂರ್ತಿ ಆರುವವರೆಗೆ ಕಾಯಿಸಬಾರದು. ಬಾಟಲಿ ತೆರೆದ ತಾರೀಖು ಲೇಬಲ್ ಮೇಲೆ ಬರೆಯಿರಿ. ಬಳಸುವ ಮುನ್ನ ಒಂದು ಮಿಲಿ ಈಥರ್‌ಗೆ ಅಷ್ಟೇ ಅಸಿಟಿಕ್ ಆಮ್ಲ, ಕೆಲವು ಹನಿ 5% ಪೊಟ್ಯಾಸಿಯಂ ಅಯೋಡೈಡ್ ದ್ರಾವಣ ಹಾಕಿ ನೋಡಿ. ಹಳದಿ ಬಂದರೆ ಪೆರಾಕ್ಸೈಡ್ ಇದೆ, ಕಂದು ಬಂದರೆ ಬಹಳವಿದೆ. ಆದರೆ ಮುಚ್ಚಳದ ಸುತ್ತ ಬಿಳಿ ಹರಳು ಕಂಡರೆ ಈ ಪರೀಕ್ಷೆಗೂ ಕೈಹಾಕಬೇಡಿ. ಮುಚ್ಚಳ ತಿರುಗಿಸುವ ತಿಕ್ಕಾಟವೇ ಸಾಕು ಅದು ಸಿಡಿಯಲು. ಬಾಟಲಿ ಇದ್ದಲ್ಲೇ ಇರಲಿ, ಕೋಣೆಗೆ ಬೀಗ ಹಾಕಿಸಿ, ವಿಭಾಗದ ಮುಖ್ಯಸ್ಥರನ್ನು ಕರೆಯಿರಿ.