38 ಲಕ್ಷ ಓಟು, ಒಂದೇ ಸೀಟು

"ಬ್ರಿಟನ್ನಿನ ಯುಕಿಪ್ ಪಕ್ಷ 2015ರಲ್ಲಿ ಗೆದ್ದಿದ್ದೇ ಒಂದು ಸೀಟು. ಐರೋಪ್ಯ ಒಕ್ಕೂಟ ಬೇಡ ಎಂದು ಕೂಗಾಡಿದ ಆ ಪುಟ್ಟ ಪಕ್ಷಕ್ಕೆ ಎರಡು ಪುಟ ಯಾಕೆ ಕೊಟ್ಟಿರಿ?"
- ಓದುಗರೊಬ್ಬರು, ದಾವಣಗೆರೆ

ಪ್ರತಿ ಸಂಚಿಕೆಯನ್ನೂ ಗಮನವಿಟ್ಟು ಓದುವವರು ನೀವು. ನೀವೂ ಬರೀ ಸೀಟು ಎಣಿಸಿದರೆ ಹೇಗೆ ಸ್ವಾಮಿ?

ಆ ಒಂದು ಸೀಟು ಎಸೆಕ್ಸ್ ಕಡಲ ತೀರದ ಕ್ಲಾಕ್ಟನ್. ಆದರೆ ದೇಶದಲ್ಲೆಲ್ಲ ಪಕ್ಷಕ್ಕೆ ಬಿದ್ದ ಓಟು 38 ಲಕ್ಷಕ್ಕೂ ಜಾಸ್ತಿ, ನೂರಕ್ಕೆ 12.6. ಅದೇ ಚುನಾವಣೆಯಲ್ಲಿ ಸ್ಕಾಟಿಷ್ ನ್ಯಾಷನಲ್ ಪಾರ್ಟಿಗೆ 14.5 ಲಕ್ಷ ಓಟು, 56 ಸೀಟು! ಅವರ ಓಟು ಒಂದೇ ಕಡೆ ರಾಶಿ ಬಿದ್ದಿತ್ತು, ಇವರದು ದೇಶದ ತುಂಬಾ ಚೆಲ್ಲಿತ್ತು.

ವಲಸಿಗರ ಬಗ್ಗೆ ಯುಕಿಪ್ ಆಡಿದ ಮಾತು ನನಗೂ ಹಿಡಿಸುವುದಿಲ್ಲ. ಜಾಸ್ತಿ ಓಟು ಬಂದವರೇ ಗೆದ್ದರು ಅನ್ನುವ ಪದ್ಧತಿ ಸರಳ, ಒಪ್ಪುತ್ತೇನೆ. 2011ರಲ್ಲಿ ಬ್ರಿಟನ್ನಿನ ಜನರೇ ಅದನ್ನು ಬದಲಿಸುವುದು ಬೇಡ ಎಂದರು. ಆದರೆ ಸೀಟು ಸಿಗದ ಓಟು ಸುಮ್ನೆ ಕೂರುವುದಿಲ್ಲ. 2013ರ ಜನವರಿಯಲ್ಲಿ ಪ್ರಧಾನಿ ಕ್ಯಾಮರನ್ ಒಕ್ಕೂಟದಲ್ಲಿ ಇರಬೇಕೋ ಬೇಡವೋ ಎಂದು ಜನಮತ ಕೇಳುವ ಮಾತು ಕೊಟ್ಟಾಗ, ಕೆಳಮನೆಗೆ ಯುಕಿಪ್ ಚಿಹ್ನೆಯಲ್ಲಿ ಗೆದ್ದು ಬಂದವರು ಒಬ್ಬರೂ ಇರಲಿಲ್ಲ. ಮರುವರ್ಷ ಐರೋಪ್ಯ ಸಂಸತ್ತಿನ ಚುನಾವಣೆ ಬಂತು. ಅಲ್ಲಿ ಓಟಿಗೆ ತಕ್ಕಂತೆ ಸೀಟು. ಅದೇ ಪಕ್ಷ 24 ಸೀಟು ಗೆದ್ದು ಮೊದಲ ಸ್ಥಾನಕ್ಕೆ ಬಂತು. 2016ರ ಜೂನ್‌ನಲ್ಲಿ ನೂರಕ್ಕೆ 51.9 ಮಂದಿ ಒಕ್ಕೂಟ ಬಿಡೋಣ ಎಂದರು. ಅಷ್ಟು ದೊಡ್ಡ ಅಸಮಾಧಾನ ಸಂಸತ್ತಿನೊಳಗೆ ಹತ್ತು ವರ್ಷ ಮೊದಲೇ ಚರ್ಚೆಯಾಗಬೇಕಿತ್ತು, ಅಲ್ವಾ?

ಕೆಲಸ ಮುಗಿದ ಮೇಲೆ ಪಕ್ಷ 2017ರಲ್ಲಿ ನೂರಕ್ಕೆ 1.8ಕ್ಕೆ ಕುಸಿಯಿತು. ಆದರೆ ಅದರ ಹಳೆಯ ನಾಯಕ ನೈಜಲ್ ಫರಾಜ್ 2024ರಲ್ಲಿ ರಿಫಾರ್ಮ್ ಯುಕೆ ಹೆಸರಲ್ಲಿ ವಾಪಸ್ ಬಂದರು. 41 ಲಕ್ಷ ಓಟು, ಐದು ಸೀಟು. ಲಿಬರಲ್ ಡೆಮಾಕ್ರಟರಿಗೆ 35 ಲಕ್ಷ ಓಟು, 72 ಸೀಟು.

ನಮ್ಮದೂ ಬ್ರಿಟನ್ನಿನಿಂದ ಬಂದ ಪದ್ಧತಿಯೇ. 2014ರ ಲೋಕಸಭೆಗೆ ಬಿಎಸ್‌ಪಿ ಎರಡು ಕೋಟಿಗೂ ಜಾಸ್ತಿ ಓಟು ಪಡೆಯಿತು. ಸೀಟು ಸೊನ್ನೆ. 2018ರಲ್ಲಿ ನಮ್ಮ ರಾಜ್ಯದಲ್ಲೇ ಕಾಂಗ್ರೆಸ್ಸಿಗೆ ಬಿಜೆಪಿಗಿಂತ ಜಾಸ್ತಿ ಓಟು ಬಿತ್ತು, ಸೀಟು ಮಾತ್ರ ಕಾಂಗ್ರೆಸ್ಸಿಗೆ 80, ಬಿಜೆಪಿಗೆ 104.

ನನ್ನಮ್ಮ ಓಟು ಹಾಕಿದವರು ಗೆದ್ದಿದ್ದೇ ಅಪರೂಪ. ಎಣಿಕೆಯ ದಿನ ರೇಡಿಯೋ ಮುಂದೆ ಅವರೇಕಾಯಿ ಸುಲಿಯುತ್ತಾ ಕೂರುತ್ತಿದ್ದರು. ಬೆರಳಿನ ಶಾಯಿ ಇನ್ನೂ ಮಾಸಿರುತ್ತಿರಲಿಲ್ಲ. "ನನ್ನ ಓಟು ಎಲ್ಲಿಗೆ ಹೋಯ್ತೋ?" ಎಂದು ಕೇಳುತ್ತಿದ್ದರು. ಈಗಿನ ಟಿವಿಯವರೂ ಅದಕ್ಕೆ ಉತ್ತರ ಹೇಳುವುದಿಲ್ಲ. ಬೆಳಗಿನಿಂದ ಸಂಜೆವರೆಗೂ ಸೀಟು, ಸೀಟು, ಸೀಟು. ಮುಂದಿನ ಫಲಿತಾಂಶದ ಸಂಚಿಕೆಯಲ್ಲಿ ನಾವು ಪ್ರತಿ ಪಕ್ಷದ ಓಟಿನ ಲೆಕ್ಕವನ್ನೇ ಮೊದಲು ಹಾಕುತ್ತೇವೆ, ಸೀಟು ಆಮೇಲೆ.

- ಸಂಪಾದಕ