ಹಾಳಾಗದಿದ್ದರೆ ಹಾಡು ಸುಳ್ಳೇ?

ಆಪ್ತಸಮಾಲೋಚನೆಗೆ ನನ್ನ ಬಳಿ ಬಂದವರೊಬ್ಬರ ಕಥೆ ಇದು; ಗುರುತು ಸಿಗುವ ವಿವರಗಳನ್ನೆಲ್ಲ ಬದಲಿಸಿದ್ದೇನೆ. ಇಪ್ಪತ್ತೈದು ದಾಟಿದ ಯುವಕ, ರಾಕ್ ಬ್ಯಾಂಡೊಂದರ ಗಾಯಕ. ಬೇಗ ಹೆಸರು ಬಂತು, ನಿದ್ದೆ ಹೋಯಿತು, ಕುಡಿತ ದಿನನಿತ್ಯದ್ದಾಯಿತು. ಇಂಥವರು ಮತ್ತೆ ಮತ್ತೆ ಬರುತ್ತಾರೆ, ಬದುಕು ಹಾಳಾಗದಿದ್ದರೆ ಹಾಡು ಸುಳ್ಳು ಎಂಬ ಒಂದೇ ನಂಬಿಕೆ ಹೊತ್ತು. ಅದಕ್ಕೇ ಈ ಬರಹ.

ಮೂರನೇ ಭೇಟಿಯಲ್ಲಿ ವಾರದ ಕುಡಿತದ ಲೆಕ್ಕ ಬರೆಯುತ್ತಿದ್ದವರು ಪೆನ್ನು ಕೆಳಗಿಟ್ಟರು. "ಕುಡಿಯೋದು ನನಗೇನೂ ಇಷ್ಟ ಇಲ್ಲ ಮೇಡಂ. ಆದ್ರೆ ಹೊತ್ತಿಗೆ ಸರಿಯಾಗಿ ಉಂಡು ಮಲಗೋನು ಹಾಡಿದ್ರೆ ಅದು ರಾಕ್ ಅಂತ ಯಾರು ನಂಬ್ತಾರೆ? ದೊಡ್ಡವರೆಲ್ಲ 27ಕ್ಕೇ ಹೋದ್ರಲ್ಲ."

"ನಿಮಗೂ ಸಾಯಬೇಕು ಅನ್ನಿಸ್ತಿದೆಯಾ?" ಎಂದು ನೇರವಾಗಿಯೇ ಕೇಳಿದೆ. ಹೀಗೆ ಕೇಳಿದರೆ ಇಲ್ಲದ ಯೋಚನೆ ಹುಟ್ಟೀತೆಂದು ಹಲವರು ಅಂಜುತ್ತಾರೆ. ಹುಟ್ಟುವುದಿಲ್ಲ, ಮಾತು ಹಗುರಾಗುತ್ತದೆ. ಇಲ್ಲ ಎಂದರು. ಆಮೇಲೆ 27ರ ವಿಷಯಕ್ಕೆ ಬಂದೆವು. ರಾಕ್ ತಾರೆಗಳಾದ ಹೆಂಡ್ರಿಕ್ಸ್, ಜಾಪ್ಲಿನ್ 1970ರಲ್ಲಿ, ಮಾರಿಸನ್ 1971ರಲ್ಲಿ, ಕೊಬೇನ್ 1994ರಲ್ಲಿ ತೀರಿಕೊಂಡಿದ್ದು ಆ ವಯಸ್ಸಿನಲ್ಲೇ, ನಿಜ. ಆದರೆ 2011ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಬಂದ ಅಧ್ಯಯನದ ಪ್ರಕಾರ ಖ್ಯಾತ ಸಂಗೀತಗಾರರ ಸಾವು 27ರಲ್ಲೇನೂ ವಿಶೇಷವಾಗಿ ಏರುವುದಿಲ್ಲ. ಇಪ್ಪತ್ತು, ಮೂವತ್ತರ ಹರೆಯದುದ್ದಕ್ಕೂ ಸಾಮಾನ್ಯರಿಗಿಂತ ಹೆಚ್ಚಿರುತ್ತದೆ. ಆ ಅಂಕಿಗೆ ಯಾವ ಮಹಿಮೆಯೂ ಇಲ್ಲ. ವೇದಿಕೆಯ ಅಬ್ಬರವಿಲ್ಲದೆಯೂ ಹಾಡು ಹುಟ್ಟುತ್ತದೆ ಎಂದೆ: ಬ್ರಿಟನ್ನಿನ ರಾಕ್ ತಂಡ ಬೀಟಲ್ಸ್ 1966ರ ಆಗಸ್ಟ್‌ನಲ್ಲಿ ಪ್ರವಾಸವನ್ನೇ ನಿಲ್ಲಿಸಿತು. ಅಭಿಮಾನಿಗಳ ಕಿರುಚಾಟದಲ್ಲಿ ಅವರು ನುಡಿಸಿದ್ದು ಅವರಿಗೇ ಕೇಳುತ್ತಿರಲಿಲ್ಲ. ಆಮೇಲೆ ಸ್ಟುಡಿಯೋದಲ್ಲಿ ಹುಟ್ಟಿದ ಹಾಡುಗಳನ್ನು ಜನ ಇಂದಿಗೂ ಕೇಳುತ್ತಿದ್ದಾರೆ. ಇದನ್ನು ಕೇಳಿ ಆ ಯುವಕ ಬಹಳ ಹೊತ್ತು ಸುಮ್ಮನಿದ್ದರು.

ಬ್ಯಾಂಡ್ ಬಿಡಿಸಿ ಎಂಬುದು ಮನೆಯವರ ಒತ್ತಾಯ. ನಾನು ಒಪ್ಪಲಿಲ್ಲ, ಅವರಿಗೆ ಬೇಸರವಾಯಿತು. ಬ್ಯಾಂಡ್ ಬಿಟ್ಟರೆ ಕುಡಿತ ಉಳಿದು, ಜೊತೆಗಿದ್ದ ಆಸರೆ ಹೋಗುತ್ತದೆ. ಎದೆಯ ಸಿಟ್ಟನ್ನು ನಾಲ್ಕು ಜನ ಸೇರಿ ಹಾಡಾಗಿಸುವುದು ಸಣ್ಣ ಮಾತಲ್ಲ.

ಕುಡಿತವನ್ನು ತಾವಾಗಿಯೇ ದಿಢೀರನೆ ನಿಲ್ಲಿಸಬೇಡಿ ಎಂದೆ; ದಿನವೂ ಕುಡಿಯುವವರಿಗೆ ಹಾಗೆ ಮಾಡಿದರೆ ಕೈನಡುಕ, ಫಿಟ್ಸ್, ಭ್ರಮೆ ಬರಬಹುದು. ಮೊದಲು ಮನೋವೈದ್ಯರ ಬಳಿ ಕಳಿಸಿದೆ. ಉಳಿದದ್ದು ಶೋ ಮುಗಿದ ರಾತ್ರಿಯ ಕೆಲಸ. ವೇದಿಕೆ ಇಳಿದರೂ ಮೈಯ ಉದ್ವೇಗ ಗಂಟೆಗಟ್ಟಲೆ ಇಳಿಯುವುದಿಲ್ಲ. ಕುಡಿದರೆ ನಿದ್ದೆ ಬೇಗ ಹತ್ತುತ್ತದೆ, ಬೆಳಗಿನ ಜಾವಕ್ಕೆ ಚೂರುಚೂರಾಗುತ್ತದೆ, ಮರುದಿನ ಕಳವಳ. ಬದಲಿಗೆ ನೀರು, ಊಟ, ಡ್ರಮ್ಮರ್ ಜೊತೆ ಅರ್ಧ ಗಂಟೆ ನಡಿಗೆ. ಫೋನ್ ಬೆಳಗಿನವರೆಗೆ ಮ್ಯಾನೇಜರ್ ಹತ್ತಿರ. ನೂರು ಹೊಗಳಿಕೆಯ ನಡುವಿನ ಒಂದು ಬೈಗುಳಕ್ಕೆ ರಾತ್ರಿಯಲ್ಲಿ ಉತ್ತರಿಸಕೂಡದು.

ಕಿವಿಯಲ್ಲಿ ಗುಂಯ್ ಅನ್ನುತ್ತಾ ಎಂದು ಕೇಳಿದ ಮೇಲೆಯೇ ಹೇಳಿದ್ದು: ಪ್ರತಿ ಶೋ ನಂತರ! ನಿದ್ದೆಗೆಡಿಸುತ್ತಿದ್ದುದರಲ್ಲಿ ಅದೂ ಒಂದು. ಕಿವಿ ಕೆಡದಿರಲು 85 ಡೆಸಿಬೆಲ್ ಸದ್ದಿಗೆ ದಿನಕ್ಕೆ 8 ಗಂಟೆ ಮಿತಿ. 3 ಡೆಸಿಬೆಲ್ ಏರಿದಂತೆಲ್ಲ ಅವಧಿ ಅರ್ಧಕ್ಕಿಳಿದು, 100ಕ್ಕೆ ಬರೀ 15 ನಿಮಿಷ. ಸ್ವರ ಕೆಡಿಸದೆ ಸದ್ದು ತಗ್ಗಿಸುವ, ಸಂಗೀತಗಾರರ ಇಯರ್‌ಪ್ಲಗ್ ಹಾಕಲೇಬೇಕೆಂದೆ. ಆದರೆ ಹಾಡುವವರಿಗೆ ಮೊದಮೊದಲು ತಮ್ಮ ದನಿಯೇ ತಲೆಯೊಳಗೆ ಮೊಳಗಿ, ಶ್ರುತಿ ತಪ್ಪಿದಂತೆ ಅನ್ನಿಸಿ, ಕಿತ್ತೆಸೆಯುತ್ತಾರೆ. ಆದ್ದರಿಂದ ಕೆಲವು ವಾರ ಪ್ರಾಕ್ಟೀಸಿನಲ್ಲಿ ಹಾಕಿ ರೂಢಿಸಿಕೊಂಡು, ಆಮೇಲಷ್ಟೇ ಶೋಗೆ.