ಮಧ್ಯಾಹ್ನದ ಸ್ಲಾಟ್ ಇರಲಿ ಬಿಡಿ, ಹೊಟ್ಟೆ ತೊಳೆಯುವ ಪುಡಿ ಎಷ್ಟೊತ್ತಿಗೆ ಕುಡಿಯುತ್ತೀರಿ ಹೇಳಿ

ಕೊಲೊನೊಸ್ಕೋಪಿಗೆ, ಅಂದರೆ ಕ್ಯಾಮೆರಾ ಇರುವ ಕೊಳವೆ (ಸ್ಕೋಪ್) ಹಾಕಿ ದೊಡ್ಡ ಕರುಳು ನೋಡುವ ಪರೀಕ್ಷೆಗೆ, ಮಧ್ಯಾಹ್ನ ಎರಡೂವರೆಗೆ ಟೈಮ್ ಕೊಟ್ಟಿದ್ದಾರೆ, ಬೆಳಿಗ್ಗೆ ಮಾಡಿಸಿದರೇನೇ ಸರಿಯಾಗಿ ಕಾಣುತ್ತದಂತೆ, ಒಂದು ತಿಂಗಳು ಕಾದು ಬೆಳಗಿನ ಸ್ಲಾಟ್ ಹಿಡಿಯಲಾ ಅಂತ ತಾನೇ ನಿಮ್ಮ ಪ್ರಶ್ನೆ? ನಾನೂ ಇದೇ ತಲೆಬಿಸಿ ಮಾಡಿಕೊಂಡಿದ್ದೆ. ಕೆಟ್ಟಿದ್ದು ಮಾತ್ರ ಬೇರೆ ಕಡೆ.

ನಮ್ಮಪ್ಪನಿಗೆ 53ನೇ ವಯಸ್ಸಿಗೆ ದೊಡ್ಡ ಕರುಳಿನ ಕ್ಯಾನ್ಸರ್ ಆಗಿತ್ತು. ಅಂಥ ಮನೆಯ ಮಕ್ಕಳು 40ಕ್ಕೆ, ಇಲ್ಲವೇ ಅಪ್ಪನಿಗೆ ಬಂದ ವಯಸ್ಸಿಗಿಂತ 10 ವರ್ಷ ಮುಂಚೆ, ಯಾವುದು ಮೊದಲೋ ಆಗಲೇ ನೋಡಿಸಿಕೊಳ್ಳಬೇಕು ಅಂತ ಡಾಕ್ಟರು ಹೇಳಿದ್ದರು. ನೆಪ ಹೇಳಿಕೊಂಡು 42ಕ್ಕೆ ಹೋದೆ. ನಾನಿರುವುದು ತುಮಕೂರಲ್ಲಿ, ಆಸ್ಪತ್ರೆ ಬೆಂಗಳೂರಲ್ಲಿ, ಟೈಮ್ ಮಧ್ಯಾಹ್ನ 3ಕ್ಕೆ.

ಮೂರು ದಿನ ಸೊಪ್ಪಿಲ್ಲ, ಸೀಬೆಹಣ್ಣಿಲ್ಲ, ಟೊಮೆಟೊ ಬೀಜ ಕೂಡ ಇಲ್ಲ. ಮುದ್ದೆಯೂ ಇಲ್ಲ! ತುಮಕೂರಿನವನ ಕಷ್ಟ ನಿಮಗೆ ಗೊತ್ತಾಗುತ್ತೆ ಅಲ್ವಾ. ಕೊನೆಯ ದಿನ ಬರೀ ಎಳನೀರು, ತಿಳಿಸಾರು. ಎಲ್ಲ ಚಾಚೂ ತಪ್ಪದೆ ಮಾಡಿದೆ.

ಹೊಟ್ಟೆ ತೊಳೆಯುವ ಪುಡಿಯನ್ನು ಎರಡು ಲೀಟರ್ ನೀರಿಗೆ ಕಲಸಿ, ಅರ್ಧ ಹಿಂದಿನ ಸಂಜೆ, ಉಳಿದರ್ಧ ಬೆಳಿಗ್ಗೆ 9ರಿಂದ ಕುಡಿಯಿರಿ ಅಂತ ಚೀಟಿಯಲ್ಲಿ ಬರೆದಿತ್ತು. ಅದನ್ನು ಕುಡಿದು ಬಸ್ ಹತ್ತೋದು ಹೇಗೆ ಸ್ವಾಮಿ? ನೆಲಮಂಗಲದ ಹತ್ತಿರ ಬಸ್ ನಿಂತರೆ ಗತಿ? ಅದಕ್ಕೇ ಬುದ್ಧಿವಂತಿಕೆ ಮಾಡಿ ಎರಡು ಲೀಟರನ್ನೂ ರಾತ್ರಿ 9ರೊಳಗೆ ಮುಗಿಸಿಬಿಟ್ಟೆ. ಹನ್ನೆರಡರ ಹೊತ್ತಿಗೆ ಬರೀ ನೀರು ಹೋಗುತ್ತಿತ್ತು. ಕ್ಲೀನ್ ಆಯ್ತು ಅಂದುಕೊಂಡು ಮಲಗಿದೆ.

ಲೆಕ್ಕ ಹಾಕಿ. ರಾತ್ರಿ 9ರಿಂದ ಮಧ್ಯಾಹ್ನ 3ಕ್ಕೆ 18 ಗಂಟೆ. ಏನೂ ತಿನ್ನದಿದ್ದರೂ ಕರುಳು ಸುಮ್ನಿರಲ್ಲ. ಸಣ್ಣ ಕರುಳಿನಿಂದ ಪಿತ್ತ, ಲೋಳೆ ಇಳಿಯುತ್ತಲೇ ಇರುತ್ತದೆ. ಅದು ಮೊದಲು ಬಂದು ಬೀಳುವುದು ದೊಡ್ಡ ಕರುಳಿನ ಬಲಭಾಗಕ್ಕೆ. ಸುಲಭಕ್ಕೆ ಕಣ್ಣಿಗೆ ಬೀಳದ ಚಪ್ಪಟೆ ಪಾಲಿಪ್‌ಗಳು (ಮುಂದೆ ಕ್ಯಾನ್ಸರ್ ಆಗಬಹುದಾದ ಸಣ್ಣ ಗಂಟುಗಳು) ಜಾಸ್ತಿ ಇರುವುದೂ ಆ ಕಡೆಯೇ. ಆಮೇಲೆ ಡಾಕ್ಟರು ಫೋಟೋ ತೋರಿಸಿದರು. ಎಡಭಾಗ ಗುಲಾಬಿ ಬಣ್ಣಕ್ಕೆ ಹೊಳೆಯುತ್ತಿದೆ, ಬಲಭಾಗದ ಗೋಡೆಗೆ ಯಾರೋ ಅರಿಶಿನದ ಗಂಜಿ ಬಳಿದ ಹಾಗಿದೆ. ಕರುಳು ಎಷ್ಟು ಕ್ಲೀನ್ ಆಗಿದೆ ಅಂತ ಅಳೆಯಲು ಬಾಸ್ಟನ್ ಸ್ಕೋರ್ ಅಂತ ಒಂದಿದೆ, ಕರುಳಿನ ಮೂರು ಭಾಗಕ್ಕೂ 0ರಿಂದ 3ರವರೆಗೆ ಮಾರ್ಕ್ಸ್. ಪ್ರತಿ ಭಾಗಕ್ಕೂ 2 ಆದರೂ ಬರಬೇಕು. ನನ್ನ ಬಲಭಾಗಕ್ಕೆ ಬಂದದ್ದು 1. ಮತ್ತೆ ಮಾಡಿಸಿ ಅಂದರು. ದುಡ್ಡೂ ಹೋಯ್ತು, ರಜೆಯೂ ಹೋಯ್ತು.

ಮೂರು ತಿಂಗಳ ಮೇಲೆ ಮತ್ತೆ ಹೋದೆ. ಈ ಸಲವೂ ಮಧ್ಯಾಹ್ನವೇ, 2 ಗಂಟೆಗೆ. ಅದೇ ಡಾಕ್ಟರು. ಹಿಂದಿನ ದಿನವೇ ರಾಜಾಜಿನಗರದ ತಂಗಿ ಮನೆಗೆ ಹೋಗಿ ಉಳಿದೆ. ಎರಡನೇ ಲೀಟರನ್ನು ಬೆಳಿಗ್ಗೆ 8ಕ್ಕೆ ಶುರು ಮಾಡಿ ಒಂಬತ್ತೂವರೆಗೆ ಮುಗಿಸಿದೆ. ಹೋದ ಸಲ ಅರಿಶಿನ ಮುಚ್ಚಿದ್ದ ಕಡೆಯೇ 8 ಮಿಲಿಮೀಟರಿನ ಒಂದು ಪಾಲಿಪ್ ಸಿಕ್ಕಿತು. ಅಲ್ಲೇ ಕತ್ತರಿಸಿ ತೆಗೆದರು.

ಹಾಗಂತ ನೀವು ಕೇಳಿದ್ದರಲ್ಲಿ ಹುರುಳಿಲ್ಲ ಅಂತಲ್ಲ. ಮಧ್ಯಾಹ್ನ ಮಾಡಿದಾಗ ಪಾಲಿಪ್ ಸಿಗುವುದು ಕಡಿಮೆ ಅಂತ ಕೆಲವು ಅಧ್ಯಯನಗಳು ಹೇಳಿದ್ದು ನಿಜ. ಬೆಳಿಗ್ಗೆಯಿಂದ ಸ್ಕೋಪ್ ಹಿಡಿದು ನಿಂತವರಿಗೂ ಸುಸ್ತಾಗುತ್ತದಲ್ಲ. ಆದರೆ ಡಾಕ್ಟರುಗಳು ಅರ್ಧರ್ಧ ದಿನ ಪಾಳಿಯಲ್ಲಿ ಮಾಡುವ ಕಡೆ, ರೋಗಿಗಳು ಔಷಧಿಯನ್ನು ಎರಡು ಭಾಗ ಮಾಡಿ ಕುಡಿಯುವ ಕಡೆ, ಆ ವ್ಯತ್ಯಾಸ ಹೆಚ್ಚುಕಡಿಮೆ ಕಾಣುವುದೇ ಇಲ್ಲ. ಡಾಕ್ಟರಿಂದ ಡಾಕ್ಟರಿಗೆ ಇರುವ ವ್ಯತ್ಯಾಸ ಇದಕ್ಕಿಂತ ದೊಡ್ಡದು. ಅಮೆರಿಕದಲ್ಲಿ 3 ಲಕ್ಷಕ್ಕೂ ಜಾಸ್ತಿ ಕೊಲೊನೊಸ್ಕೋಪಿಗಳ ಲೆಕ್ಕ ಹಿಡಿದು 2014ರಲ್ಲಿ ಒಂದು ಅಧ್ಯಯನ ಬಂತು. ನೂರು ಜನರನ್ನು ನೋಡಿದರೆ ಬೇರೆ ಡಾಕ್ಟರಿಗಿಂತ ಒಬ್ಬರಲ್ಲಿ ಹೆಚ್ಚಾಗಿ ಕ್ಯಾನ್ಸರ್ ಆಗಬಲ್ಲ ಪಾಲಿಪ್ (ಅಡೆನೋಮ) ಹುಡುಕುವ ಡಾಕ್ಟರ ರೋಗಿಗಳಿಗೆ ಮುಂದೆ ಕ್ಯಾನ್ಸರ್ ಬರುವ ಅಪಾಯ ಸುಮಾರು 3% ಕಡಿಮೆಯಂತೆ. ಸ್ಕೋಪ್ ಹೊರಗೆ ತೆಗೆಯುವಾಗ ಕನಿಷ್ಠ 6ರಿಂದ 8 ನಿಮಿಷ ನಿಧಾನವಾಗಿ ನೋಡುವವರಾ ಅಂತ ವಿಚಾರಿಸಿ, ತಪ್ಪೇನಿಲ್ಲ.

ಬೆಳಿಗ್ಗೆ 8ರ ಸ್ಲಾಟ್ ಅಂದರೆ ಏನು ಗೊತ್ತಾ? ರಾತ್ರಿ ಮೂರಕ್ಕೆ ಎದ್ದು ಎರಡನೇ ಲೀಟರ್ ಕುಡಿಯಬೇಕು. ನೀವು ಏಳುತ್ತೀರಾ? ನಾನಂತೂ ಏಳಲ್ಲ. ಶುಗರ್ ಮಾತ್ರೆ, ಇನ್ಸುಲಿನ್ ತೆಗೆದುಕೊಳ್ಳುವವರಾದರೆ ಮಾತ್ರ ಡಾಕ್ಟರನ್ನು ಕೇಳಿ ಬೆಳಗಿನದು ನೋಡಿ, ಅಷ್ಟು ಹೊತ್ತು ಉಪವಾಸ ಇರೋದು ಕಷ್ಟ. ಇಲ್ಲದಿದ್ದರೆ ಎರಡೂವರೆಯದನ್ನೇ ಇಟ್ಟುಕೊಳ್ಳಿ. ಈಗಲೇ ಆಸ್ಪತ್ರೆಗೆ ಫೋನ್ ಮಾಡಿ, ಎರಡನೇ ಅರ್ಧ ಎಷ್ಟೊತ್ತಿಗೆ ಅಂತ ಕೇಳಿ. ಸಾಮಾನ್ಯವಾಗಿ 4ರಿಂದ 6 ಗಂಟೆ ಮುಂಚೆ ಶುರು ಮಾಡಿ, 2 ಗಂಟೆ ಮುಂಚೆ ಎಲ್ಲ ಮುಗಿದಿರಬೇಕು ಅನ್ನುತ್ತಾರೆ. ಊರು ದೂರ ಇದ್ದರೆ ಹಿಂದಿನ ರಾತ್ರಿಯೇ ಆಸ್ಪತ್ರೆ ಹತ್ತಿರ ಎಲ್ಲಾದರೂ ಉಳಿಯಿರಿ. ನೆಂಟರ ಮನೆ ಆದರೆ ಎರಡು ಬಾತ್‌ರೂಮ್ ಇರುವ ಮನೆ ನೋಡಿಕೊಳ್ಳಿ. ತಂಗಿ ಗಂಡ ಅವತ್ತು ಆಫೀಸಿಗೆ ಹೊರಟಾಗ ಹತ್ತೂವರೆ.